ಗೆಳೆಯನಿಗೊಂದು ಪತ್ರ: ಸರಿಯಾಗಿ ಎಣಿಸಿದ್ದೇ ತಪ್ಪಾಯಿತು

ಪ್ರೀತಿಯ ಗೆಳೆಯ,

"ಜನಕ್ಕೆ ಸ್ವಲ್ಪ ಭಯ ಇರಬೇಕು ಮಾರಾಯ, ಮೇಲೆ ಒಬ್ಬ ಗಟ್ಟಿ ಮನುಷ್ಯ ಕೂತರೆ ಎಲ್ಲ ಸರಿಹೋಗುತ್ತೆ" ಎಂದೆಯಲ್ಲ, ಫೋನಿನಲ್ಲಿ ಅದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನೀನು ಮೇಷ್ಟ್ರು, ಜನಗಣತಿ ಡ್ಯೂಟಿಗೆ ಮನೆಮನೆ ಸುತ್ತಿದವನು. ನಿನಗೆ ಒಂದು ಗಣತಿಯ ಕಥೆಯನ್ನೇ ಹೇಳುತ್ತೇನೆ. ನಮ್ಮದಲ್ಲ, ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟದ್ದು.

1934ರಲ್ಲಿ ಪಕ್ಷದ ಅಧಿವೇಶನದಲ್ಲಿ ಸ್ಟಾಲಿನ್ ದೇಶದ ಜನಸಂಖ್ಯೆ 16 ಕೋಟಿ 80 ಲಕ್ಷ ಎಂದು ಹೇಳಿಬಿಟ್ಟಿದ್ದ. ಮರುವರ್ಷ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವರ್ಷಕ್ಕೆ 30 ಲಕ್ಷ ಜನ ಹೆಚ್ಚುತ್ತಿದ್ದಾರೆ, ಅಂದರೆ ವರ್ಷಕ್ಕೊಂದು ಫಿನ್ಲೆಂಡ್ ಎಂದು ಬೀಗಿದ. 1937ರ ಜನವರಿಯಲ್ಲಿ ಗಣತಿ ನಡೆಯಿತು. ಸಿಕ್ಕಿದ್ದು ಸುಮಾರು 16 ಕೋಟಿ 20 ಲಕ್ಷ. ಮೂರು ವರ್ಷದ ಹಿಂದೆ ನಾಯಕ ಹೇಳಿದ್ದಕ್ಕಿಂತಲೂ ಕಡಿಮೆ!

ಉಳಿದವರೆಲ್ಲಿ? ಒಂದಷ್ಟು ಜನ ಭಾಷಣದಲ್ಲಿ ಮಾತ್ರ ಇದ್ದರು. ಒಂದಷ್ಟು ಜನ 1932-33ರ ಬರಗಾಲದಲ್ಲಿ ಸತ್ತಿದ್ದರು. ಬರಗಾಲ ಅನ್ನುವುದೇ ತಪ್ಪೇನೋ. ಉಕ್ರೇನ್, ಕಜಾಕ್‌ಸ್ತಾನ, ವೋಲ್ಗಾ ತೀರದ ಹಳ್ಳಿಗಳಿಂದ ಧಾನ್ಯ ಹೊತ್ತೊಯ್ದಿದ್ದು ಸರ್ಕಾರ. ಹಸಿದ ಉಕ್ರೇನಿನ ರೈತರು ಊರು ಬಿಟ್ಟು ಹೋಗದಂತೆ ತಡೆದಿದ್ದೂ ಅದೇ ಸರ್ಕಾರ. ಸತ್ತವರು 50 ಲಕ್ಷಕ್ಕೂ ಹೆಚ್ಚು. ಈ ಸಾವುಗಳನ್ನು ಪತ್ರಿಕೆಯಲ್ಲಿ ಮುಚ್ಚಿಡಬಹುದಿತ್ತು, ಗಣತಿಯ ಕಾಗದದಲ್ಲಿ ಆಗಲಿಲ್ಲ.

ಇನ್ನೊಂದು ಸಂಗತಿ ಕೇಳು, ನನಗೆ ಬಹಳ ಇಷ್ಟವಾದದ್ದು. ಆ ಗಣತಿಯಲ್ಲಿ ಧರ್ಮದ ಬಗ್ಗೆಯೂ ಒಂದು ಪ್ರಶ್ನೆ ಇತ್ತು. ಚರ್ಚುಗಳನ್ನು ಮುಚ್ಚಿ, ಪಾದ್ರಿಗಳನ್ನು ಜೈಲಿಗೆ ತಳ್ಳಿದ್ದ ಕಾಲ ಅದು. ಆದರೂ 16 ವರ್ಷ ದಾಟಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ, ಹೌದು, ನಾವು ನಂಬುತ್ತೇವೆ ಎಂದು ಬರೆಸಿದರು. ಮನೆ ಬಾಗಿಲಿಗೆ ಬಂದ ಸರ್ಕಾರಿ ಮನುಷ್ಯನ ಮುಂದೆ ಹಾಗೆ ಹೇಳಲು ಎಷ್ಟು ಧೈರ್ಯ ಬೇಕಿತ್ತು, ಯೋಚಿಸು.

ಸೆಪ್ಟೆಂಬರ್‌ನಲ್ಲಿ ಸರ್ಕಾರ ಗಣತಿಯನ್ನೇ ರದ್ದು ಮಾಡಿತು. ಶತ್ರುಗಳು ಬೇಕೆಂದೇ ಜನರನ್ನು ಕಡಿಮೆ ಎಣಿಸಿದ್ದಾರಂತೆ. ಅಂಕಿಅಂಶ ಇಲಾಖೆಯ ಮುಖ್ಯಸ್ಥ ಇವಾನ್ ಕ್ರಾವಲ್, ಗಣತಿ ವಿಭಾಗ ನೋಡಿಕೊಳ್ಳುತ್ತಿದ್ದ ಕ್ವಿಟ್ಕಿನ್, ಇಬ್ಬರಿಗೂ ಗುಂಡು ಹೊಡೆದರು. 1939ರಲ್ಲಿ ಹೊಸ ಗಣತಿ ಆಯಿತು. ಎಷ್ಟು ಬರಬೇಕು ಎನ್ನುವುದು ಈ ಸಲ ಎಲ್ಲರಿಗೂ ಗೊತ್ತಿತ್ತು. 17 ಕೋಟಿ ದಾಟಿತು.

ನಾಗರಿಕತೆ ಅಂದರೆ ದೊಡ್ಡ ಕಟ್ಟಡ, ಮೆಟ್ರೋ, ಕಾರ್ಖಾನೆ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಅವೆಲ್ಲ ಮಾಸ್ಕೋದಲ್ಲಿ ಇದ್ದವು. ಇಲ್ಲದಿದ್ದದ್ದು, ಒಬ್ಬ ಗುಮಾಸ್ತ ಕಂಡದ್ದನ್ನು ಕಂಡಂತೆ ಬರೆದು ರಾತ್ರಿ ನಿಶ್ಚಿಂತೆಯಾಗಿ ಮಲಗುವ ಸ್ಥಿತಿ. ಅದು ಹೋದರೆ ಉಳಿದದ್ದೆಲ್ಲ ಒಂದೊಂದಾಗಿ ಸಡಿಲವಾಗುತ್ತದೆ.

ಅದೇ 1937ರ ಜುಲೈನಲ್ಲಿ, ಯಾವ ಪ್ರಾಂತ್ಯದಲ್ಲಿ ಎಷ್ಟು ಜನರನ್ನು ಕೊಲ್ಲಬೇಕು, ಎಷ್ಟು ಜನರನ್ನು ಶಿಬಿರಕ್ಕೆ ಕಳಿಸಬೇಕು ಎಂದು ಕೋಟಾ ಹಂಚಿದರು. ಅಲ್ಲಿನ ಅಧಿಕಾರಿಗಳು ಇನ್ನೂ ಹೆಚ್ಚು ಕೊಡಿ ಎಂದು ಮೇಲಕ್ಕೆ ಬರೆದರು! ಕೆಲವರಿಗೆ ಬಡ್ತಿಯ ಆಸೆ. ಕೆಲವರಿಗೆ, ಕಡಿಮೆ ಹಿಡಿದರೆ ನಾಳೆ ನಮ್ಮ ಹೆಸರೇ ಪಟ್ಟಿಗೆ ಬರುತ್ತದೆ ಎಂಬ ಹೆದರಿಕೆ. ಎರಡನ್ನೂ ಬಿಡಿಸಿ ನೋಡಲು ನನಗಂತೂ ಆಗುವುದಿಲ್ಲ. ಎರಡೇ ವರ್ಷದಲ್ಲಿ ಸುಮಾರು 6 ಲಕ್ಷ 80 ಸಾವಿರ ಜನರಿಗೆ ಗುಂಡು ಹೊಡೆದರು. ಇದನ್ನೆಲ್ಲ ನಡೆಸಿದ ರಹಸ್ಯ ಪೊಲೀಸ್ ಮುಖ್ಯಸ್ಥ ಯೆಜೋವ್‌ಗೂ 1940ರಲ್ಲಿ ಅದೇ ಗತಿ.

ಹಿಟ್ಲರ್‌ನನ್ನು ಸೋಲಿಸಿದ್ದು ಇವರೇ ಅಲ್ವಾ ಎಂದು ನೀನು ಕೇಳುತ್ತೀಯ, ಗೊತ್ತು. ಹೌದು. ಆದರೆ ಯುದ್ಧಕ್ಕೆ ಮೊದಲೇ ಸೇನೆಯ ಅತ್ಯುನ್ನತ ಅಧಿಕಾರಿಗಳಾದ ತನ್ನ ಐವರು ಮಾರ್ಷಲ್‌ಗಳಲ್ಲಿ ಮೂವರನ್ನು ಸ್ಟಾಲಿನ್ ಮುಗಿಸಿದ್ದ. 1941ರ ಜೂನ್‌ನಲ್ಲಿ, ಜರ್ಮನರು ದಾಳಿಗೆ ಸಿದ್ಧರಾಗಿದ್ದಾರೆ ಎಂದು ಬರ್ಲಿನ್‌ನಿಂದ ಬಂದ ಗೂಢಚಾರನ ವರದಿಯ ಮೇಲೆ ಅಶ್ಲೀಲ ಬೈಗುಳ ಬರೆದು ವಾಪಸ್ ಕಳಿಸಿದ. ವಾರ ತುಂಬುವುದರೊಳಗೆ ದಾಳಿ ಶುರುವಾಯಿತು. ಆ ಗೆಲುವಿಗೆ ಜನ ತೆತ್ತ ಬೆಲೆಯಲ್ಲಿ ಈ ಕುರುಡುತನದ ಪಾಲೂ ಇದೆ.

ಕಡೆಗೆ 1953ರ ಮಾರ್ಚ್ 1ರಂದು ಸ್ಟಾಲಿನ್ ಬೆಳಿಗ್ಗೆ ಕೋಣೆಯಿಂದ ಹೊರಗೆ ಬರಲಿಲ್ಲ. ಕರೆಯದೆ ಒಳಗೆ ಹೋಗಲು ಕಾವಲುಗಾರರಿಗೆ ಧೈರ್ಯವಿಲ್ಲ. ರಾತ್ರಿ ಹೋಗಿ ನೋಡಿದರೆ ನೆಲದ ಮೇಲೆ ಬಿದ್ದಿದ್ದ. ಡಾಕ್ಟರುಗಳು ಬಂದದ್ದು ಮರುದಿನ ಬೆಳಿಗ್ಗೆ. ಅವನನ್ನು ವರ್ಷಗಟ್ಟಲೆ ನೋಡಿಕೊಂಡಿದ್ದ ಡಾಕ್ಟರ್ ವಿನೊಗ್ರಾದೊವ್ ಆಗ ಜೈಲಿನಲ್ಲಿದ್ದರು, ಅವನದೇ ಆಜ್ಞೆಯ ಮೇಲೆ.

ನೀನು ಹೇಳಿದ "ಸ್ವಲ್ಪ ಭಯ" ಎಷ್ಟು, ಅದನ್ನು ಯಾರ ಕೈಗೆ ಕೊಡಬೇಕು ಅಂತೀಯ? ಸಿಟ್ಟು ಮಾಡಿಕೊಳ್ಳದೆ ಬರೆ. ಹಬ್ಬಕ್ಕೆ ಊರಿಗೆ ಬರುತ್ತೇನೆ, ಉಳಿದ ಜಗಳ ನಿಮ್ಮ ಮನೆ ಜಗುಲಿಯಲ್ಲಿ. ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನವ