ಜ್ವರ ಬಿಟ್ಟಿದೆ, ನೋವು ಬಿಟ್ಟಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಚಿಕೂನ್‌ಗುನ್ಯಾ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ಎಲ್ಲ ರೋಗಿಗಳೂ ಗುಣಮುಖ’ ಎಂದು ಅಧಿಕಾರಿಗಳು ಹೇಳಿದ್ದಾರೆ. ಆ ಎಲ್ಲರಲ್ಲಿ ನಾನೂ ಒಬ್ಬಳು. ನನಗೆ ಜ್ವರ ಬಂದು ಏಳು ತಿಂಗಳಾಯಿತು. ಬಲಗೈ ಹೆಬ್ಬೆರಳಿನ ಗೆಣ್ಣು ಇವತ್ತಿಗೂ ಊದಿಕೊಂಡೇ ಇದೆ.

ಸುಮ್ನೆ ಇರಲು ಆಗಲಿಲ್ಲ. ಇವತ್ತು ಬೆಳಿಗ್ಗೆ ಆ ಅಧಿಕಾರಿಗಳ ಕಚೇರಿಗೇ ಹೋದೆ. ಮುಕ್ಕಾಲು ಗಂಟೆ ನಿಲ್ಲಿಸಿದರು. ನಿಂತರೆ ಹಿಮ್ಮಡಿ ಹಿಡಿದುಕೊಳ್ಳುತ್ತದೆ, ಒಂದು ಕುರ್ಚಿ ಕೊಡಿ ಎಂದು ಎರಡು ಸಲ ಕೇಳಿದೆ. ಕೊನೆಗೆ ರಿಜಿಸ್ಟರ್ ತೆಗೆದು ನನ್ನ ಹೆಸರಿನ ಮುಂದೆ ‘ಗುಣಮುಖ’ ಎಂದು ಬರೆದಿರುವುದನ್ನು ತೋರಿಸಿದರು. “ಜ್ವರ ಬಿಟ್ಟ ಮೇಲೆ ನಮ್ಮ ಲೆಕ್ಕ ಮುಗೀತು ಮೇಡಂ. ಇದು ವಯಸ್ಸಿನ ನೋವು” ಅಂದರು. ನನಗೆ 52 ವರ್ಷ. ಜ್ವರದ ಹಿಂದಿನ ದಿನ ತುಂಬಿದ ಬಿಂದಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದವಳು ನಾನು. ವಯಸ್ಸು ಅನ್ನೋದು ಒಂದೇ ರಾತ್ರಿಯಲ್ಲಿ ಬಂದು ಕೂರುತ್ತಾ?

ನನ್ನನ್ನು ನೋಡುತ್ತಿರುವ ಕೀಲುರೋಗದ ಡಾಕ್ಟರು ಬಿಡಿಸಿ ಹೇಳಿದ್ದಾರೆ. ವೈರಸ್ಸು ರಕ್ತದಲ್ಲಿ ಇರುವುದು ಸಾಮಾನ್ಯವಾಗಿ ಒಂದು ವಾರದಷ್ಟು. ಆದರೆ ಕೀಲುಗಳಲ್ಲಿ ಅದು ಹೊತ್ತಿಸಿದ ಉರಿಯೂತ ಎಲ್ಲರಲ್ಲೂ ಅಷ್ಟು ಬೇಗ ಆರುವುದಿಲ್ಲ. ಮೂರು ತಿಂಗಳು ದಾಟಿದರೂ ನೋವು ಹೋಗದಿದ್ದರೆ ಅದನ್ನು ದೀರ್ಘಕಾಲದ ಚಿಕೂನ್‌ಗುನ್ಯಾ ಎಂದೇ ಹಿಡಿಯಬೇಕು. ವಯಸ್ಸು 45 ದಾಟಿದವರಿಗೆ, ಮೊದಲೇ ಕೀಲುನೋವು ಇದ್ದವರಿಗೆ, ಶುರುವಿನಲ್ಲೇ ನೋವು ಜೋರಾಗಿದ್ದವರಿಗೆ ಇದರ ಕಾಟ ಜಾಸ್ತಿ. ಕೆಲವರಲ್ಲಿ ಥೇಟ್ ಆಮವಾತದ ಹಾಗೆಯೇ ಕೀಲು ಊದಿಕೊಂಡು ವರ್ಷಗಟ್ಟಲೆ ಎಳೆಯುತ್ತದೆ. ರೋಗದ ಹೆಸರಲ್ಲೇ ಇದೆಯಲ್ಲ! 1952ರಲ್ಲಿ ಈಗಿನ ತಾಂಜಾನಿಯಾದ ದಕ್ಷಿಣ ಭಾಗದಲ್ಲಿ ಈ ಜ್ವರ ಹರಡಿದಾಗ ಅಲ್ಲಿನ ಮಕೊಂಡೆ ಜನ ತಮ್ಮ ಭಾಷೆಯಲ್ಲಿ ಕೊಟ್ಟ ಹೆಸರು ಅದು. ಮನುಷ್ಯನನ್ನು ಬಗ್ಗಿಸಿಬಿಡುವಂಥದ್ದು ಎಂದು ಅರ್ಥ. ಅಲ್ಲಿನ ಹಳ್ಳಿಯವರ ಕಣ್ಣಿಗೂ ಬಿದ್ದದ್ದು ಇವರ ಕಣ್ಣಿಗೆ ಬೀಳುವುದಿಲ್ಲ.

ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆ ನನ್ನ ಕೈ ನನ್ನದಲ್ಲ. ಮುಷ್ಟಿ ಕಟ್ಟಲು ಬರುವುದಿಲ್ಲ. ನಲ್ಲಿ ತಿರುಗಿಸಲು ಎರಡೂ ಅಂಗೈ ಒತ್ತಬೇಕು. ಬಿಸಿನೀರಲ್ಲಿ ಕೈ ಇಟ್ಟುಕೊಂಡು ಒಂದೊಂದೇ ಬೆರಳು ಬಿಡಿಸುತ್ತೇನೆ. ನಾನು ಬಟ್ಟೆ ಹೊಲಿದು ಬದುಕುವವಳು. ಇಪ್ಪತ್ತು ವರ್ಷ ಬಳಸಿದ ಕತ್ತರಿಯ ಹಿಡಿಯೊಳಗೆ ಈಗ ನನ್ನ ಹೆಬ್ಬೆರಳು ಹೋಗುತ್ತಿಲ್ಲ, ಗೆಣ್ಣಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಒಪ್ಪಿಕೊಂಡಿದ್ದ ಬಟ್ಟೆಗಳನ್ನು ಮಡಚಿ ವಾಪಸ್ ಕೊಟ್ಟೆ. ಹೋದ ತಿಂಗಳು ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ ಎಂದು ನನ್ನ ಹಣವನ್ನೇ ನನಗೆ ಕೊಡಲಿಲ್ಲ. ಈ ಪತ್ರವನ್ನೂ ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ. ಇದು ಗುಣಮುಖವಾ?

ಮೇಲಿನ ಮನೆಯ ಹುಡುಗನ ಕಥೆ ಬೇರೆ. ಅವನಿಗೆ ಬಂದದ್ದು ಡೆಂಗಿ. ಪ್ಲೇಟ್‌ಲೆಟ್ ಏರಿತು ಎಂದು ಮನೆಗೆ ಕಳಿಸಿದರು, ಅವನೂ ‘ಗುಣಮುಖ’. ಆಮೇಲೆ ಎರಡು ತಿಂಗಳು ಅವನಿಗೆ ಪುಸ್ತಕ ಹಿಡಿದು ಕೂರಲೂ ಶಕ್ತಿ ಇರಲಿಲ್ಲ. ಬಾಚಿದರೆ ಕೂದಲು ಕೈಗೇ ಬರುತ್ತಿತ್ತು. ಅವನ ತಾಯಿಗೆ ಈಗ ಇನ್ನೊಂದು ದಿಗಿಲು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಬಹುಕಾಲ ತಡೆಯುವ ಶಕ್ತಿ ಸಿಗುವುದು ಅದೊಂದರ ವಿರುದ್ಧ ಮಾತ್ರ. ಮುಂದೆ ಬೇರೆ ಬಗೆ ತಗುಲಿದರೆ ಎರಡನೇ ಸಲ ಜೀವಕ್ಕೇ ಅಪಾಯವಾಗುವ ಸಂಭವ ಜಾಸ್ತಿ. ಇದನ್ನು ಆ ತಾಯಿಗೆ ಹೇಳಿದ್ದು ಪಕ್ಕದ ಮನೆಯವರು. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಬರೆಯಲು ಏನು ಕಷ್ಟವಿತ್ತು?

2005–06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಮೂರರಲ್ಲಿ ಒಂದು ಪಾಲು ಜನರಿಗೆ ಚಿಕೂನ್‌ಗುನ್ಯಾ ಬಂದಿತ್ತು. ಅಲ್ಲಿ ಎರಡು ವರ್ಷದ ನಂತರವೂ ಜನರನ್ನು ಹುಡುಕಿ ನೋವು ಹೇಗಿದೆ ಎಂದು ಕೇಳಿದರು. ಹೆರಿಗೆ ಹೊತ್ತಿಗೆ ತಾಯಿಗೆ ಜ್ವರವಿದ್ದು ಕೂಸಿಗೂ ತಗುಲಿದ್ದರೆ, ಆ ಮಕ್ಕಳ ಬೆಳವಣಿಗೆಯನ್ನೂ ಗಮನಿಸಿದರು. ಇಲ್ಲಿ ಏಳು ತಿಂಗಳಲ್ಲಿ ನಮಗೆ ಒಂದು ಫೋನ್ ಕೂಡ ಬಂದಿಲ್ಲ. ಕೇಳದೆಯೇ ಗುಣಮುಖ ಎಂದು ಯಾವ ಧೈರ್ಯದಲ್ಲಿ ಬರೆದರು?

ಕಚೇರಿಯಿಂದ ಹೊರಗೆ ಬರುವಾಗ ಹಿಂಭಾಗ ನೋಡಿದೆ. ಅವರದೇ ಗಾಡಿಯ ನಾಲ್ಕು ಹಳೇ ಟೈರು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಒಳಗೆ ಮಳೆನೀರು. ಬಗ್ಗಿ ನೋಡಿದರೆ ನೀರಲ್ಲಿ ಹುಳ ವಿಲವಿಲ ಎನ್ನುತ್ತಿವೆ. ಚಿಕೂನ್‌ಗುನ್ಯಾ, ಡೆಂಗಿ ಎರಡನ್ನೂ ಹರಡುವ ಸೊಳ್ಳೆ ಹುಟ್ಟುವುದು ಇಂಥ ನೀರಲ್ಲೇ. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ನೀರು ಒಣಗಿದರೂ ಟೈರಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಹಾಗೇ ಇದ್ದು, ಮುಂದಿನ ಮಳೆಗೆ ಒಡೆಯುತ್ತದೆ. ನಮ್ಮ ಮನೆಯ ಹೂಕುಂಡದ ತಟ್ಟೆ ನೋಡಿ ದಂಡ ಹಾಕುತ್ತೇವೆ ಎಂದು ಗದರಿಸಿ ಹೋದವರು ಇವರೇ. ಹೊಗೆ ಬಿಡುವ ಗಾಡಿ ಬರುವುದು ರಾತ್ರಿ ಎಂಟಕ್ಕೆ. ಈ ಸೊಳ್ಳೆ ಕಚ್ಚುವುದು ಹಗಲು ಹೊತ್ತು, ಉಳಿದಂತೆ ಮನೆಯೊಳಗೆ ಮಂಚದ ಕೆಳಗೆ, ಬಟ್ಟೆಯ ಹಿಂದೆ ಕೂತಿರುತ್ತದೆ. ಬೀದಿಯಲ್ಲಿ ಹೊಗೆ ಬಿಟ್ಟು ಫೋಟೊ ತೆಗೆಸಿಕೊಂಡರೆ ಅದು ಸಾಯುತ್ತಾ?

ಇವರಿಗೆ ಹೇಳಿ ಹೇಳಿ ಸಾಕಾಗಿದೆ. ಚರಂಡಿಯ ಒಡೆದ ಚಪ್ಪಡಿ ಬಗ್ಗೆ ಎರಡು ವರ್ಷದ ಹಿಂದೆ ಅರ್ಜಿ ಕೊಟ್ಟೆ. ಅರ್ಜಿ ಕಳೆದುಹೋಗಿದೆ ಎಂದರು, ಇನ್ನೊಂದು ಕೊಟ್ಟೆ. ಬೀದಿದೀಪ ಕೆಟ್ಟಾಗಲೂ ಇದೇ ಪಾಡು. ಫೋನ್ ಮಾಡಿದರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಯಾವ ಮೀಟಿಂಗ್ ಅದು, ವರ್ಷವಿಡೀ ಮುಗಿಯದ್ದು?

ಮೊದಲು ಆ ರಿಜಿಸ್ಟರ್ ತಿದ್ದಲಿ. ಜ್ವರ ಬಂದಿದ್ದ ಪ್ರತಿ ಮನೆಗೂ ಹೋಗಿ ಕೇಳಲಿ, ನೋವಿರುವವರಿಗೆ ಕೀಲಿನ ಡಾಕ್ಟರು, ವ್ಯಾಯಾಮ ಹೇಳಿಕೊಡುವವರು ಸಿಗುವಂತೆ ಮಾಡಲಿ. ಟೈರು ಇವತ್ತೇ ಎತ್ತಿಸಲಿ. ಚಪ್ಪಡಿಯನ್ನೂ ಹಾಕಿಸಲಿ. ಏನಾದರೂ ಒಂದು ಮಾಡಲಿ. ಕೂರಲು ಕುರ್ಚಿ ಕೊಡದೆ, ನಿನಗೆ ವಯಸ್ಸಾಯಿತು ಎಂದು ರೋಗಿಯ ಮುಖಕ್ಕೆ ಹೇಳುವವರು ಆ ಜಾಗದಲ್ಲಿ ಯಾಕಿರಬೇಕು? ಅವರಿಗೆ ನಾಚಿಕೆಯಾಗಬೇಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲಿ ಒಬ್ಬಳು