ಗೇಜ್ ಮುಳ್ಳು ಸರಿ ಇದ್ರೆ ಪಂಪೂ ಸರಿ ಇದೆ ಅಂತಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹಾಲು ಕರೆಯೋ ಮೆಷೀನ್ ಬಗ್ಗೆ ಪೇಪರಲ್ಲಿ ಬರೋದು ಹೆಚ್ಚಾಗಿ ಸಬ್ಸಿಡಿ ಎಷ್ಟು, ಅರ್ಜಿ ಎಲ್ಲಿ ಕೊಡ್ಬೇಕು ಅನ್ನೋದೇ. ಮನೆಗೆ ತಂದಮೇಲೆ ಅದರೊಳಗಿನ ಗಾಳಿ ಎಳೆದು ಹೊರಗೆ ಹಾಕೋ ವ್ಯಾಕ್ಯೂಮ್ ಪಂಪ್ ಹೇಗೆ ನೋಡ್ಕೋಬೇಕು, ಒತ್ತಡ ತೋರಿಸೋ ಗೇಜ್ ಮುಳ್ಳು ಎಲ್ಲಿರ್ಬೇಕು, ಯಾಕಿರ್ಬೇಕು ಅಂತ ಬರೆದಿದ್ದು ಕಾಣೋದು ಅಪರೂಪ. ಅದು ಗೊತ್ತಿಲ್ದೆ ಇರೋದ್ರಿಂದ ಎಷ್ಟೋ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸುಗಳ ಕೆಚ್ಚಲು ಹಾಳಾಗ್ತಿದೆ, ಅದಕ್ಕೇ ಈ ಪತ್ರ.

ಸುತ್ತಮುತ್ತ ಎಲ್ಲರ ಮನೇಲೂ ನೋಡ್ತಿರೋದು ಒಂದೇ ಕಥೆ. ಮೆಷೀನ್ ಹಳೇದಾಗ್ತಾ ಹಾಲು ಕರೆಯೋವಾಗ ಮೊಲೆತೊಟ್ಟಿಗೆ ಹಾಕೋ ಕಪ್ ಜಾರೋಕೆ ಶುರು ಆಗುತ್ತೆ, ಕಿರ್ ಅಂತ ಗಾಳಿ ಎಳ್ಕೊಳ್ಳೋ ಸದ್ದು ಬರುತ್ತೆ, ಆಗ ಅಂಗಡಿಯವ್ರಿಗೆ ಫೋನ್ ಮಾಡಿದ್ರೆ ರೆಗ್ಯುಲೇಟರ್ (ವ್ಯಾಕ್ಯೂಮ್ ಮಿತಿ ಮೀರದ ಹಾಗೆ ಹೊರಗಿನ ಗಾಳಿ ಬಿಟ್ಕೊಳ್ಳೋ ವಾಲ್ವ್) ಸ್ಕ್ರೂ ಸ್ವಲ್ಪ ಟೈಟ್ ಮಾಡ್ಕೊಳ್ಳಿ ಅಂತಾರೆ. ಟೈಟ್ ಮಾಡಿದ್ರೆ ಮುಳ್ಳು ಮೇಲೇರುತ್ತೆ, ಕಪ್ಪೂ ನಿಲ್ಲುತ್ತೆ, ಎಲ್ರೂ ಖುಷಿ. ಆದ್ರೆ ರೋಗ ಎಲ್ಲಿತ್ತೋ ಅಲ್ಲೇ ಇದೆ, ಏಟು ಮಾತ್ರ ಹಸುವಿನ ತೊಟ್ಟಿಗೆ.

ಪಂಪಿನ ವಿಷಯದಲ್ಲಿ ನೋಡ್ಬೇಕಾದ್ದು ಎರಡು. ಒಂದು, ಒಳಗಡೆ ಒತ್ತಡ ಎಷ್ಟು ಇಳಿದಿದೆ ಅನ್ನೋದು, ಇದನ್ನ ಗೇಜ್ ತೋರಿಸುತ್ತೆ. ಇನ್ನೊಂದು, ಪಂಪ್ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಎಳೆದು ಹಾಕ್ತಿದೆ ಅನ್ನೋದು, ಇದನ್ನ ಗೇಜ್ ತೋರಿಸೋದೇ ಇಲ್ಲ. ಪಂಪಿನೊಳಗೆ ತಿರುಗಿ ಗಾಳಿ ತಳ್ಳೋ ಪಟ್ಟಿ, ಅಂದ್ರೆ ವೇನ್ ಸವೆದು, ಬೆಲ್ಟ್ ಸಡಿಲ ಆಗಿ, ಸಾಯಂಕಾಲ ವೋಲ್ಟೇಜ್ ಬಿದ್ದು ಮೋಟರ್ ನಿಧಾನ ಆದ್ರೂ ಕಪ್ ಎಲ್ಲ ಮುಚ್ಚಿಟ್ಟಾಗ ಮುಳ್ಳು ಸರಿಯಾದ ಜಾಗಕ್ಕೇ ಬಂದು ನಿಲ್ಲುತ್ತೆ, ಆದ್ರೆ ಒಂದು ಕಪ್ ಜಾರಿ ಗಾಳಿ ನುಗ್ಗಿದ ಕೂಡಲೇ ಅದನ್ನ ಎಳೆದು ಹಾಕೋ ತಾಕತ್ತು ಪಂಪಿಗಿರಲ್ಲ, ವ್ಯಾಕ್ಯೂಮ್ ಕುಸಿಯುತ್ತೆ, ಉಳಿದ ಕಪ್ಪುಗಳೂ ಜಾರ್ತವೆ. ಆ ಏರುಪೇರಲ್ಲಿ ನಾಲ್ಕೂ ಕಪ್ಪಿನ ಹಾಲು ಬಂದು ಸೇರೋ ಕ್ಲಾ ಒಳಗಿರೋ ಹಾಲಿನ ಹನಿಗಳು ವಾಪಸ್ ಜೋರಾಗಿ ತೊಟ್ಟಿನ ತುದಿಗೆ ಹೊಡೀತವೆ, ಹಾಲಲ್ಲಿ ರೋಗಾಣು ಇದ್ರೆ ಸೀದಾ ಒಳಗೇ ಹೋಗುತ್ತೆ, ಆಮೇಲೆ ಕೆಚ್ಚಲು ಬಾವು, ಇಂಜೆಕ್ಷನ್ನು, ಅಷ್ಟು ದಿನ ಹಾಲು ಡೈರಿಗೆ ಹಾಕೋ ಹಂಗಿಲ್ಲ.

ಹಾಲು ಕ್ಯಾನಿಗೇ ಬಂದು ಬೀಳೋ ಬಕೆಟ್ ಮೆಷೀನಲ್ಲಿ ಹಸುವಿಗೆ ವ್ಯಾಕ್ಯೂಮನ್ನ ಸಾಮಾನ್ಯವಾಗಿ 42ರಿಂದ 50 ಕಿಲೋಪಾಸ್ಕಲ್ ಒಳಗೆ ಇಡ್ತಾರೆ, ಪಾದರಸದ ಇಂಚಿನ ಗೇಜಾದ್ರೆ ಸುಮಾರು 12.5ರಿಂದ 15. ನಿಮ್ಮ ಮೆಷೀನಿಗೆ ಎಷ್ಟು ಅನ್ನೋದು ಅದರ ಜೊತೆ ಬಂದ ಪುಸ್ತಕದಲ್ಲೇ ಇರುತ್ತೆ. ಅದಕ್ಕಿಂತ ಏರಿಸಿದ್ರೆ ಹಾಲು ಬೇಗ ಬರುತ್ತೆ ಅಂತ ಅನ್ಸುತ್ತೆ, ಆದ್ರೆ ತೊಟ್ಟಿನ ತುದಿ ಗಟ್ಟಿಯಾಗಿ ಉಂಗುರದ ಥರ ದಪ್ಪ ಆಗುತ್ತೆ, ಕಪ್ ತೆಗೆದಾಗ ತೊಟ್ಟು ಊದ್ಕೊಂಡು ನೀಲಿಗಟ್ಟಿರುತ್ತೆ, ಹಸು ಒದೆಯೋಕೆ ಶುರು ಮಾಡುತ್ತೆ. ಹಸುವಿಗೆ ಸೊಕ್ಕು ಅಂತ ಹೊಡೆಯೋರಿದ್ದಾರೆ, ಪಾಪ ಅದಕ್ಕೆ ನೋವು ಸ್ವಾಮಿ.

ಇನ್ನೊಂದು ವಿಷಯ, ನಮ್ಮ ಕೋಲಾರ ಕಡೆ ಊರುಗಳು ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿವೆ. ಸಮುದ್ರದ ದಂಡೇಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್ ಆದ್ರೆ ಇಲ್ಲಿ ಬರೀ 92ರ ಆಸುಪಾಸು. ಹಂಗಾಗಿ ಅದೇ ಪಂಪ್, ಅದೇ ಗೇಜ್ ಅಳತೆ, ಆದ್ರೂ ಎಳೆಯೋ ಗಾಳಿ ಲೆಕ್ಕದಲ್ಲಿ ನೂರಕ್ಕೆ ಎಂಟು ಹತ್ತು ಪಾಲು ಕಮ್ಮಿ. ಒಂದು ಕ್ಲಸ್ಟರಿಗೆ (ನಾಲ್ಕು ಕಪ್ಪು, ಒಂದು ಕ್ಲಾ ಸೇರಿದ ಸೆಟ್) ಸರಿಯಾಗಿ ಸಾಕಾಗೋ ಪಂಪಿಗೆ ಇನ್ನೊಂದು ಕ್ಲಸ್ಟರ್ ಸೇರಿಸಿ ಕೊಡೋ ಅಂಗಡಿಯವ್ರು ಇದನ್ನ ಹೇಳೋದೇ ಇಲ್ಲ.

ಪಂಪಿಗೆ ತಾಕತ್ತಿದೆಯೋ ಇಲ್ವೋ ಅಂತ ಮನೇಲೇ ನೋಡೋ ಒಂದು ಉಪಾಯ ಇದೆ, ದುಡ್ಡು ಬೇಡ. ಹಸುವಿಗೆ ನಾಲ್ಕೂ ಕಪ್ ಹಾಕಿ ಕರೆಯೋವಾಗ ರೆಗ್ಯುಲೇಟರ್ ಹತ್ರ ಕಿವಿಯಿಟ್ಟು ಕೇಳಿ. ಅದು ಸುಸ್ ಅಂತ ಹೊರಗಿನ ಗಾಳಿ ಒಳಗೆ ಬಿಟ್ಕೋತಾ ಇರ್ಬೇಕು. ಅದೇ ಪಂಪ್ ಹತ್ರ ಮಿಕ್ಕಿರೋ ಶಕ್ತಿ. ಸದ್ದೇ ಇಲ್ಲ ಅಂದ್ರೆ ಮಿಕ್ಕಿದ್ದು ಏನೂ ಇಲ್ಲ, ಇಲ್ಲಾಂದ್ರೆ ರೆಗ್ಯುಲೇಟರಲ್ಲೇ ಧೂಳು ಕೂತಿದೆ, ಎರಡರಲ್ಲಿ ಒಂದು. ಮೊದಲು ರೆಗ್ಯುಲೇಟರ್ ಬಿಚ್ಚಿ ಕ್ಲೀನ್ ಮಾಡಿ, ಆಮೇಲೆ ಪೈಪಿನ ಬಿರುಕು, ಕ್ಯಾನ್ ಮುಚ್ಚಳದ ರಬ್ಬರ್, ಬೆಲ್ಟ್, ಆಯಿಲ್ ನೋಡಿ, ಸ್ಕ್ರೂ ಮಾತ್ರ ಮುಟ್ಬೇಡಿ.

ಆಯಿಲ್ ಅಂದಾಗ ಹೇಳ್ಲೇಬೇಕು, ಟ್ರ್ಯಾಕ್ಟರಿಂದ ಇಳಿಸಿದ ಕಪ್ಪು ಆಯಿಲ್ ಹಾಕೋರಿದ್ದಾರೆ, ದಯವಿಟ್ಟು ಬೇಡ, ಅದರಲ್ಲಿರೋ ಕಸ ವೇನನ್ನ ಉಜ್ಜಿ ಹಾಕುತ್ತೆ. ಆಯಿಲ್ ಇಲ್ದೆ ಓಡೋ ಡ್ರೈ ಪಂಪಾದ್ರೆ ಆಯಿಲ್ಲೇ ಹಾಕಬಾರದು, ಅದರ ಕಾರ್ಬನ್ ವೇನಿಗೆ ಆಯಿಲ್ ತಾಗಿದ್ರೆ ಧೂಳಿನ ಜೊತೆ ಸೇರಿ ಅಂಟಾಗಿ ಸಿಕ್ಕಾಕೊಳ್ಳುತ್ತೆ. ಕ್ಯಾನ್ ತುಂಬಿ ಹಾಲು ಪಂಪಿನ ಕಡೆ ಹೋಗದ ಹಾಗೆ ಮಧ್ಯೆ ಇರೋ ಟ್ರ್ಯಾಪನ್ನ (ಹಾಲು, ನೀರು ಹಿಡಿಯೋ ಡಬ್ಬಿ) ದಿನಾ ಖಾಲಿ ಮಾಡಿ.

ಕಪ್ ಒಳಗೆ ತೊಟ್ಟನ್ನ ಹಿಡಿಯೋ ರಬ್ಬರ್ ಕೊಳವೆ, ಅಂದ್ರೆ ಲೈನರ್, ಅದರ ಲೆಕ್ಕನೂ ಯಾರೂ ಇಡಲ್ಲ. ರಬ್ಬರ್ ಲೈನರ್ ಸಾಮಾನ್ಯವಾಗಿ 2500 ಸಲ ಕರೆಯೋ ತನಕ, ಇಲ್ಲಾ 6 ತಿಂಗಳು, ಯಾವುದು ಮೊದಲೋ ಅಲ್ಲಿ ತನಕ. ಒಂದೇ ಕ್ಲಸ್ಟರಲ್ಲಿ 20 ಹಸು ಎರಡು ಹೊತ್ತು ಕರೆದ್ರೆ ದಿನಕ್ಕೆ 40 ಸಲ, ಅಂದ್ರೆ ಎರಡು ತಿಂಗಳಿಗೇ ಮುಗೀತು. ರಬ್ಬರ್ ಸತ್ತಿದ್ರೆ ಪಂಪ್ ಎಷ್ಟೇ ಚೆನ್ನಾಗಿದ್ರೂ ಕಪ್ ನಿಲ್ಲಲ್ಲ, ಆಗಲೂ ಜನ ಬಯ್ಯೋದು ಪಂಪನ್ನೇ.

ಇಷ್ಟೆಲ್ಲ ರೈತರೇ ನೋಡ್ಕೋಬಹುದು, ಆದ್ರೆ ಗಾಳಿ ಎಷ್ಟು ಲೀಟರ್ ಅಂತ ಅಳೆಯೋಕೆ ಏರ್ ಫ್ಲೋ ಮೀಟರ್ ಬೇಕು, ತೊಟ್ಟನ್ನ ಹಿಂಡಿ ಬಿಡೋ ಲಯ ಕೊಡೋ ಪಲ್ಸೇಟರ್ ನಿಮಿಷಕ್ಕೆ 60ರ ಹತ್ರ ಸರಿಯಾಗಿ ಬಡೀತಿದೆಯಾ, ತೊಟ್ಟಿಗೆ ಸಾಕಷ್ಟು ವಿಶ್ರಾಂತಿ ಸಿಗ್ತಿದೆಯಾ ಅಂತ ನೋಡೋಕೆ ಬೇರೆ ಟೆಸ್ಟರ್ ಬೇಕು. ಇದನ್ನ ಐದು ಹಸು ಇಟ್ಕೊಂಡಿರೋ ಮನೆಯವ್ರು ತರೋಕಾಗಲ್ಲ. ಹಾಲು ಒಕ್ಕೂಟಗಳು ತಾಲ್ಲೂಕಿಗೊಂದು ಸೆಟ್ ಇಟ್ಟು, ಅದನ್ನ ಬಳಸೋಕೆ ಗೊತ್ತಿರೋ ಒಬ್ಬ ಹುಡುಗನ್ನ ಕೊಟ್ಟು, ವರ್ಷಕ್ಕೊಂದು ಸಲ ಊರ ಡೈರಿ ಹತ್ರ ಕ್ಯಾಂಪ್ ಮಾಡ್ಲಿ, ಅಳತೆ ಚೀಟಿ ಮೆಷೀನ್ ಮೇಲೇ ಅಂಟಿಸ್ಲಿ. ಸಬ್ಸಿಡಿ ಕೊಡೋವಾಗಲೇ ಎರಡು ವರ್ಷ ಈ ಟೆಸ್ಟ್ ಮಾಡಿಸಿಕೊಡೋ ಷರತ್ತನ್ನ ಮಾರೋ ಅಂಗಡಿಗೆ ಹಾಕ್ಲಿ. ಟೆಸ್ಟಿಗೆ ಅಂತ ನೂರಿನ್ನೂರು ಕೇಳಿದ್ರೂ ನಾವು ಕೊಡೋಕೆ ರೆಡಿ ಇದ್ದೀವಿ.

ಇಂತಿ,
ಒಬ್ಬ ಹಾಲು ಉತ್ಪಾದಕ
ಕೋಲಾರ ಜಿಲ್ಲೆ