ಆಳಿಗೆ ಬರವಿಲ್ಲದ ಊರಿಂದ

ಸಿಂಗಪುರ

ಪ್ರೀತಿಯ ಅಪ್ಪನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. "ಅಲ್ಲಿ ಆಳುಗಳು ಸಿಗ್ತಾರಾ?" ಅಂತ ಫೋನಿನಲ್ಲಿ ಕೇಳಿದಿರಲ್ಲ, ಅವತ್ತು ಮಾತು ಅರ್ಧಕ್ಕೇ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಆಳಿಗೆ ಬರವಿಲ್ಲ. ಅವರು ಬರುವ ರೀತಿ ಮಾತ್ರ ನೋಡೋಕಾಗಲ್ಲ. ಬೆಳಗಾದರೆ ನಮ್ಮ ಬೀದಿಗೆ ಲಾರಿ ಬರುತ್ತದೆ. ಅದರ ಹಿಂಭಾಗದಲ್ಲಿ ತಮಿಳುನಾಡು, ಬಾಂಗ್ಲಾದೇಶದ ಹುಡುಗರು ಊಟದ ಪೊಟ್ಟಣ ಹಿಡಿದು ನೆಲದ ಮೇಲೆ ಕೂತಿರುತ್ತಾರೆ. ಬೆಲ್ಟ್ ಇಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ನಾವು ಬೆಲ್ಟ್ ಹಾಕದಿದ್ದರೆ ದಂಡ! ಲಾರಿಯಲ್ಲಿ ಆಳುಗಳನ್ನು ಸಾಗಿಸೋದು ನಿಲ್ಲಿಸಿ ಅಂತ ಇಲ್ಲಿನ ಪಾರ್ಲಿಮೆಂಟಿನಲ್ಲೂ ಕೇಳಿದ್ದಾರೆ. ಖರ್ಚು ಜಾಸ್ತಿ, ಸಣ್ಣ ಕಂಪನಿಗಳಿಗೆ ಕಷ್ಟ ಅಂತ ಉತ್ತರ ಬಂತು.

ತಿಂಗಳ ಸಂಬಳ 6000 ಸಿಂಗಪುರ ಡಾಲರ್ ಇದ್ದರೆ ನಮ್ಮಂಥವರು ಸಂಸಾರ ಕರೆತರಬಹುದು. ವರ್ಕ್ ಪರ್ಮಿಟ್ ಮೇಲೆ ಬಂದ ಆ ಲಾರಿಯ ಹುಡುಗರಂಥವರಿಗೆ ಅದಿಲ್ಲ. ಡಾರ್ಮಿಟರಿಯೇ ಅವರ ಮನೆ. 2020ರಲ್ಲಿ ಕೊರೊನಾ ಲೆಕ್ಕ ಕೊಡುವಾಗಲೂ ಡಾರ್ಮಿಟರಿಯವರದ್ದು ಬೇರೆ, ಊರಿನವರದ್ದು ಬೇರೆ. ಊರಿನ ಸಂಖ್ಯೆ ಕಡಿಮೆಯಾದರೆ ಜನ ನಿಟ್ಟುಸಿರು ಬಿಡುತ್ತಿದ್ದರು.

ನನಗೆ ಹೆದರಿಕೆ ನಮ್ಮ ಮಕ್ಕಳದ್ದು. ಇಲ್ಲಿ ಎಷ್ಟೋ ಮನೆಗಳಲ್ಲಿ ಫಿಲಿಪೈನ್ಸ್, ಇಂಡೋನೇಷ್ಯಾ, ಮ್ಯಾನ್ಮಾರ್ ಹೆಂಗಸರು ಕೆಲಸಕ್ಕಿದ್ದಾರೆ. ಸ್ಕೂಲ್ ಬಸ್ಸಿಂದ ಇಳಿಯುವ ಹುಡುಗ ಮುಖ ಕೂಡ ನೋಡದೆ ಬ್ಯಾಗ್ ಚಾಚುತ್ತಾನೆ, ಆಕೆ ಹಿಡಿದುಕೊಳ್ಳುತ್ತಾಳೆ. ನಮ್ಮ ಮನೆಯಲ್ಲಿ ಯಾರನ್ನೂ ಇಟ್ಟುಕೊಂಡಿಲ್ಲ. ಆದರೂ ಮೊನ್ನೆ ಪುಟ್ಟಿ ಹಾಲು ಚೆಲ್ಲಿ, "ಯಾರಾದ್ರೂ ಒರೆಸ್ತಾರೆ ಬಿಡು" ಅಂದಳು. ಬಟ್ಟೆ ಅವಳ ಕೈಗೇ ಕೊಟ್ಟೆ. ಅತ್ತಳು. ಅಳಲಿ.

ಇನ್ನು ನಮ್ಮ ತೋಟದ ವಿಷಯ. ಅಸ್ಸಾಂನವರು ಬಂದ ಮೇಲೆ ಕಾಫಿ ಕುಯ್ಲು ಸಲೀಸಾಯಿತು ಅಂದಿರಿ, ಒಳ್ಳೆಯದೇ. ಆದರೆ ಅವರ ಹೆಸರು ಕೇಳಿದರೆ ಅಣ್ಣ ತಡವರಿಸಿದ. ಅವರಿರುವ ಲೈನ್ ಮನೆ ಹೋದ ಮಳೆಗಾಲದಲ್ಲೇ ಸೋರುತ್ತಿತ್ತು. ಮುಂಗಾರಿಗೆ ಮೊದಲು ಹೆಂಚು ಹಾಕಿಸಿ, ದುಡ್ಡು ನಾನು ಕಳಿಸುತ್ತೇನೆ. ಅವರ ಮಕ್ಕಳು ಕಣದಲ್ಲಿ ಸುಮ್ನೆ ಓಡಾಡಿಕೊಂಡಿವೆ ಅಂತ ಅಮ್ಮ ಹೇಳಿದಳು. ಹೆಡ್‌ಮಾಸ್ಟರ ಹತ್ತಿರ ನೀವೇ ಮಾತಾಡಿ, ಕನ್ನಡ ಬರಲ್ಲ ಅಂತ ವಾಪಸ್ ಕಳಿಸದಿರಲಿ. ಅಣ್ಣ ಗೊಣಗಿದರೆ ನನಗೆ ಫೋನ್ ಮಾಡೋಕೆ ಹೇಳಿ.

ಅಮ್ಮನ ಮಂಡಿ ನೋವಿಗೆ ಎಣ್ಣೆ ಕಳಿಸಿದ್ದೇನೆ.

ನಿಮ್ಮ ಮಗಳು